ರೈಲಿನ ಸೀಟು ಯಾರದು? ಟವೆಲ್‌ನಿಂದ ಪಿಎನ್‌ಆರ್‌ವರೆಗೆ

ಇವತ್ತು ಟವೆಲ್‌ನಿಂದ ಶುರು ಮಾಡೋಣ.

ನಿಮ್ಮೂರ ಬಸ್‌ಸ್ಟ್ಯಾಂಡ್ ನೆನಪು ಮಾಡಿಕೊಳ್ಳಿ. ಬಸ್ಸು ಇನ್ನೂ ತಿರುಗಿ ನಿಲ್ಲುತ್ತಾ ಇರುತ್ತೆ, ಅಷ್ಟರಲ್ಲೇ ಕಿಟಕಿಯೊಳಗೆ ಒಂದು ಟವೆಲ್ಲು, ಒಂದು ಕರ್ಚೀಫು, ಒಂದು ಕೈಚೀಲ ಬಿದ್ದಿರುತ್ತೆ. ಬಾಗಿಲಲ್ಲಿ ನೂಕಾಡಿ, ಅಂಗಿ ಗುಂಡಿ ಕಿತ್ತುಕೊಂಡು ಹತ್ತಿದವನು ಖಾಲಿ ಸೀಟು ಕಂಡು ಕೂರೋಕೆ ಹೋದರೆ ಕೆಳಗಿಂದ ಒಂದು ಕೂಗು: "ಹಲೋ, ಟವೆಲ್ ಹಾಕಿದೀವಿ ಕಣ್ರೀ!" ಅವನು ಗೊಣಗಿಕೊಂಡೇ ಆದರೂ ಎದ್ದುಬಿಡ್ತಾನೆ. ಹೀಗೆ ಎದ್ದೇಳಬೇಕು ಅಂತ ಯಾವ ಕಾನೂನೂ ಹೇಳಿಲ್ಲ. ಆದರೂ ಇದು ಎಷ್ಟು ಗಟ್ಟಿ ನಿಯಮ ಅಂದರೆ, ಮುಖ್ಯಮಂತ್ರಿ ಕುರ್ಚಿಗೆ ಇಂಥವರು ಟವೆಲ್ ಹಾಕಿದ್ದಾರೆ ಅಂತ ಪೇಪರಿನವರು ಬರೆದರೆ ಕನ್ನಡದ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಆಫೀಸಿನ ಭಾಷೆಯಲ್ಲಿ ಹೇಳೋದಾದರೆ ಟವೆಲ್ ಅನ್ನೋದು ಒಂದು ಲಾಕು. ಟೈಮ್‌ಔಟ್ ಇಲ್ಲ, ಲಾಗ್ ಇಲ್ಲ, ಅಡ್ಮಿನ್ ಇಲ್ಲ. ಆದರೂ ನಡೆಯುತ್ತೆ.

ರೈಲಿನಲ್ಲಿ ಮಾತ್ರ ನಮ್ಮ ಹತ್ತಿರ ಟವೆಲ್‌ಗಿಂತ ಗಟ್ಟಿಯಾದದ್ದು ಇದೆ: ಕೋಚ್ ನಂಬರ್, ಬರ್ತ್ ನಂಬರ್, ಹತ್ತಂಕಿಯ ಪಿಎನ್‌ಆರ್. ಆದರೂ ಜಗಳ ನಿಂತಿಲ್ಲ. ಯಾಕೆ? ನಾನು ಪುಣೆಗೆ ಬಂದು ಹದಿಮೂರು ವರ್ಷ ಆಯ್ತು. ಯುಗಾದಿ, ದಸರಾ, ದೀಪಾವಳಿ, ಮದುವೆ, ತಿಥಿ ಅಂತ ವರ್ಷಕ್ಕೆ ನಾಲ್ಕೈದು ಸಲ ಊರ ಕಡೆ ರೈಲು ಹತ್ತುತ್ತೇನೆ. "ಎಕ್ಸ್‌ಕ್ಯೂಸ್ ಮಿ, ಇದು ನಮ್ಮ ಸೀಟು" ಅಂತ ನಾನು ಅಂದದ್ದಕ್ಕೂ ನನಗೆ ಬೇರೆಯವರು ಅಂದದ್ದಕ್ಕೂ ಲೆಕ್ಕ ಇಲ್ಲ. ಆ ಜಗಳಗಳಲ್ಲಿ ಒಂದನ್ನು ಮರೆಯೋಕೆ ಆಗಿಲ್ಲ. ಅದನ್ನು ಆಮೇಲೆ ಹೇಳ್ತೀನಿ. ಮೊದಲು ಚರಿತ್ರೆ.

ನಮಗೆ ಬೇಕಾದ ಹಳಿ ಒಂದೇ: ಮುಂಬೈ, ಪುಣೆ, ಸೋಲಾಪುರ, ಕಲಬುರಗಿ, ವಾಡಿ, ಯಾದಗಿರಿ, ರಾಯಚೂರು. 1853ರ ಏಪ್ರಿಲ್ 16ರಂದು ಬೋರಿ ಬಂದರ್‌ನಿಂದ ಠಾಣೆವರೆಗೆ 34 ಕಿಲೋಮೀಟರು ಓಡಿದ ಗಾಡಿಯ ಕತೆ ಎಲ್ಲರಿಗೂ ಗೊತ್ತು. ಅದೇ ಜಿಐಪಿ ಕಂಪನಿಯ ಹಳಿ ಘಾಟಿ ಹತ್ತಿ ದಖ್ಖನಿನ ಮೇಲೆ ಹಾದು 1871ರಲ್ಲಿ ಮದ್ರಾಸ್ ಕಡೆಯಿಂದ ಬಂದ ಹಳಿಗೆ ಕೂಡಿಕೊಂಡಿದ್ದು ನಮ್ಮ ರಾಯಚೂರಿನಲ್ಲಿ. ಬೊಂಬಾಯಿಗೂ ಮದ್ರಾಸಿಗೂ ನೇರ ರೈಲು ಸಿಕ್ಕಿದ್ದು ಹಾಗೆ. ಮೂರು ವರ್ಷ ಕಳೆದು ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ಹಳಿ ಬಂತು. ಅಂದರೆ ಮುಂಬೈ, ಪುಣೆ, ಚೆನ್ನೈ, ಹೈದರಾಬಾದಿನಲ್ಲಿ ಕೂತು ಇದನ್ನು ಓದುತ್ತಿರುವ ನಿಮ್ಮಲ್ಲಿ ಬಹಳ ಜನ ಊರಿಗೆ ಹೋಗುವಾಗ ಈ ಹಳಿಯ ಒಂದಲ್ಲ ಒಂದು ತುಂಡಿನ ಮೇಲೆ ನಿದ್ದೆ ಮಾಡಿರುತ್ತೀರಿ.

ಆ ಕಾಲದ ಮೂರನೇ ದರ್ಜೆಯಲ್ಲಿ ನನ್ನ ಸೀಟು, ನಿನ್ನ ಸೀಟು ಅನ್ನೋ ಮಾತೇ ಇರಲಿಲ್ಲ. ಮರದ ಬೆಂಚು. ಯಾರು ಮೊದಲು ಬಂದರೋ, ಯಾರ ಮೊಣಕೈ ಗಟ್ಟಿಯೋ ಅವರದು. ಕಂಪನಿಗಳು ಬೇಕಾದಷ್ಟು ಟಿಕೆಟ್ ಮಾರುತ್ತಿದ್ದವು, ಜನ ತುಂಬುತ್ತಿದ್ದರು. ಇದಕ್ಕೊಂದು ಲಗಾಮು ಅಂತ ಬಂದದ್ದು 1890ರ ರೈಲ್ವೆ ಕಾಯ್ದೆ. ಪ್ರತಿ ಕಂಪಾರ್ಟ್‌ಮೆಂಟಿನಲ್ಲೂ ಎಷ್ಟು ಜನ ಕೂರಬಹುದು ಅಂತ ಬರೆದು ಹಾಕಬೇಕು ಅಂತ ಅದರ 63ನೇ ಸೆಕ್ಷನ್ ಹೇಳಿತು. 64ನೇದು ಇನ್ನೂ ಸೊಗಸು: 1891ರ ಜನವರಿಯಿಂದ ಪ್ರತಿ ಪ್ಯಾಸೆಂಜರ್ ಗಾಡಿಯಲ್ಲೂ ಅತಿ ಕೆಳಗಿನ ದರ್ಜೆಯಲ್ಲಿ ಒಂದಾದರೂ ಕಂಪಾರ್ಟ್‌ಮೆಂಟು ಹೆಂಗಸರಿಗೇ ಮೀಸಲು, ಗಾಡಿ 50 ಮೈಲಿಗಿಂತ ದೂರ ಹೋಗುವುದಾದರೆ ಅದಕ್ಕೆ ಕಕ್ಕಸೂ ಇರಬೇಕು. ಮುಂಬೈ ಲೋಕಲ್ಲಿನ ಲೇಡೀಸ್ ಡಬ್ಬಿ ಈಚಿನವರು ಕೊಟ್ಟ ಸೌಲಭ್ಯ ಅಂದುಕೊಂಡಿದ್ದೆ ನಾನು. ಅದರ ಬೇರು ಇಷ್ಟು ಹಿಂದಕ್ಕಿದೆ.

ನಮ್ಮ ಕತೆಗೆ ಮುಖ್ಯವಾದದ್ದು ಅದೇ ಕಾಯ್ದೆಯ 109ನೇ ಸೆಕ್ಷನ್. ಸ್ವಲ್ಪ ನಿಧಾನಕ್ಕೆ ಓದಿ, ಅದರಲ್ಲಿ ಎರಡು ತಪ್ಪುಗಳು ಅಕ್ಕಪಕ್ಕ ಕೂತಿವೆ. ಒಂದು, ಬೇರೆಯವರಿಗೆ ಕಾದಿರಿಸಿದ ಅಥವಾ ಆಗಲೇ ತುಂಬಿರುವ ಕಂಪಾರ್ಟ್‌ಮೆಂಟಿಗೆ ಹತ್ತಿ, ರೈಲ್ವೆಯವರು ಇಳಿ ಅಂದರೂ ಇಳಿಯದೆ ಇರೋದು. ಎರಡು, ಕಾದಿರಿಸದ, ಇನ್ನೂ ತುಂಬದ ಕಂಪಾರ್ಟ್‌ಮೆಂಟಿಗೆ ಹತ್ತಲು ಬಂದವರನ್ನು ತಡೆಯೋದು. ಎರಡಕ್ಕೂ ದಂಡ ಒಂದೇ, 20 ರೂಪಾಯಿವರೆಗೆ. ಅಂದರೆ 'ಇದು ನಿನ್ನದಲ್ಲ, ಏಳು' ಅನ್ನೋದು ಕಾನೂನಿನ ಅರ್ಧ. 'ಇದು ನಿನ್ನ ಅಪ್ಪನದಲ್ಲ, ಒಳಗೆ ಬಿಡು' ಅನ್ನೋದು ಇನ್ನರ್ಧ. ಮೊದಲನೇ ಅರ್ಧ ನಮಗೆಲ್ಲ ಬಾಯಿಪಾಠ. ಎರಡನೇದು ಇದೆ ಅನ್ನೋದೇ ನನಗೆ ಗೊತ್ತಿರಲಿಲ್ಲ. ನನ್ನಂಥವರೇ ಜಾಸ್ತಿ ಇರಬೇಕು.

ಈಗ 1917ರ ಸೆಪ್ಟೆಂಬರಿಗೆ ಬನ್ನಿ. ತಿಂಗಳ 12ನೇ ತಾರೀಕು ಗಾಂಧೀಜಿ ಬೊಂಬಾಯಿಯಿಂದ ಮದ್ರಾಸ್ ಮೇಲ್ ಹತ್ತುತ್ತಾರೆ. ಮೂರನೇ ದರ್ಜೆ, 13 ರೂಪಾಯಿ 9 ಆಣೆ ಟಿಕೆಟ್ಟು, ಎರಡು ರಾತ್ರಿಯ ದಾರಿ. ಆಮೇಲೆ ರಾಂಚಿಯಿಂದ ಆ ಪ್ರಯಾಣದ ಬಗ್ಗೆ ಪತ್ರಿಕೆಗಳಿಗೆ ಒಂದು ಉದ್ದದ ಕಾಗದ ಬರೆದರು. ಗಾಡಿಗಳ ಗಲೀಜು, ಟೀ ಅಂತ ಕೊಟ್ಟ ಬಣ್ಣದ ನೀರು ಎಲ್ಲ ಅದರಲ್ಲಿದೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಅದರಲ್ಲಿರುವ ತಲೆಲೆಕ್ಕ. ಡಬ್ಬಿಯಲ್ಲಿ 22 ಜನರಿಗೆ ಜಾಗ, ಅದೂ ಕೂರೋಕೆ ಮಾತ್ರ. ಪುಣೆವರೆಗೆ 22ಕ್ಕಿಂತ ಹೆಚ್ಚು ಜನ ಆಗಲಿಲ್ಲ. ಯಾಕಂದರೆ ಒಳಗಿದ್ದ ಗಟ್ಟಿಗರು ಹೊರಗಿನವರನ್ನು ತಡೆದು ಹಿಡಿದಿದ್ದರು. ರಾಯಚೂರು ದಾಟಿದ ಮೇಲೆ ಆ ಗಟ್ಟಿಗರ ಕೈಯಲ್ಲೂ ಆಗಲಿಲ್ಲ. ಗಾರ್ಡೂ ರೈಲ್ವೆಯವರೂ ಬಂದದ್ದು ಇನ್ನಷ್ಟು ಜನರನ್ನು ಒಳಗೆ ತುರುಕೋಕೆ. ಹೆಚ್ಚಿನ ದಾರಿ 35 ಜನಕ್ಕೆ ಕಡಿಮೆ ಇರಲಿಲ್ಲವಂತೆ, ಕೆಲವರು ಕಸದ ನಡುವೆ ನೆಲದ ಮೇಲೆ ಮಲಗಿದ್ದರಂತೆ. ಒಮ್ಮೆ ಹೊಡೆದಾಟವೇ ಆಗಬೇಕಿತ್ತು, ವಯಸ್ಸಾದ ಕೆಲವು ಪ್ರಯಾಣಿಕರು ನಡುವೆ ಬಂದು ತಣ್ಣಗೆ ಮಾಡಿದರು.

ಇದನ್ನು 109ನೇ ಸೆಕ್ಷನ್ ಪಕ್ಕ ಇಟ್ಟು ನೋಡಿ. ಬಾಗಿಲಲ್ಲಿ ನಿಂತು ಜನರನ್ನು ತಡೆದವರು ಒರಟರು, ಸರಿ. ಆದರೆ 22 ಆದ ಮೇಲೆ ತಡೆದರೆ ಅದು ತಪ್ಪಲ್ಲ. 22ರ ಬೋರ್ಡು ಇರುವ ಡಬ್ಬಿಗೆ 35 ಜನರನ್ನು ನೂಕಿದ ರೈಲ್ವೆಯೇ ತನ್ನ ಬೋರ್ಡನ್ನು ತಾನೇ ಸುಳ್ಳು ಮಾಡಿತು. ಪ್ರಯಾಣಿಕರಿಬ್ಬರು ಕಿತ್ತಾಡುವಾಗ ನಮಗೆ ಕಾಣೋದು ಆ ಇಬ್ಬರು ಮಾತ್ರ. ಸೀಟಿಗಿಂತ ಜಾಸ್ತಿ ಟಿಕೆಟ್ ಮಾರಿದ ಮೂರನೆಯವನು ಆ ಡಬ್ಬಿಯಲ್ಲೇ ಇರೋದಿಲ್ಲ.

ಸ್ವಾತಂತ್ರ್ಯದ ನಂತರ ಸಾಮಾನ್ಯರಿಗೂ ಮಲಗಿ ಹೋಗುವ ಡಬ್ಬಿ ಬಂತು, ಮೂರು ಅಂತಸ್ತಿನ ಹಲಗೆ ಬಂತು. 1974ರಲ್ಲಿ ಮೂರನೇ ದರ್ಜೆ ಅನ್ನೋ ಹೆಸರು ಹೋಗಿ ಎರಡನೇ ದರ್ಜೆ ಆಯ್ತು; ಹಲಗೆ ಮಾತ್ರ ಹಲಗೆಯೇ. ಅದರ ಮೇಲೆ ಎರಡು ಇಂಚು ಫೋಮ್ ಹಾಕಿಸಿದವರು ಜನತಾ ಸರ್ಕಾರದಲ್ಲಿ ರೈಲ್ವೆ ಮಂತ್ರಿಯಾಗಿದ್ದ ಮಧು ದಂಡವತೆ. 1977ರ ಡಿಸೆಂಬರಿನಲ್ಲಿ ಬೊಂಬಾಯಿ–ಹೌರಾ ನಡುವೆ ಗೀತಾಂಜಲಿ ಎಕ್ಸ್‌ಪ್ರೆಸ್ ಬಿಟ್ಟವರೂ ಅವರೇ, ಮೇಲು ಕೀಳು ದರ್ಜೆಗಳಿಲ್ಲದ ಗಾಡಿ. ಭಾರತದ ಚರಿತ್ರೆಯಲ್ಲಿ ಇಷ್ಟು ಜನರ ಬೆನ್ನಿಗೆ ಇಷ್ಟು ಉಪಕಾರ ಮಾಡಿದ ರಾಜಕಾರಣಿ ಇನ್ನೊಬ್ಬರಿಲ್ಲ ಅನ್ನೋದು ನನ್ನ ಅಭಿಪ್ರಾಯ.

ಆದರೆ ಈ ಸ್ಲೀಪರ್ ಡಬ್ಬಿಯಲ್ಲೇ ಹೊಸ ಜಗಳದ ಬೀಜ ಇದೆ. ಹಳೇ ಮಾದರಿಯ ಡಬ್ಬಿಯಲ್ಲಿ 72 ಬರ್ತು, ಒಂಬತ್ತು ಗೂಡು, ಗೂಡಿಗೆ ಎಂಟು. ಎದುರುಬದುರು ಆರು, ಪಕ್ಕದಲ್ಲಿ ಎರಡು. ರಾತ್ರಿ ಇದು ಮಂಚ, ಹಗಲು ಇದು ಬೆಂಚು. ಕೆಳಗಿನ ಬರ್ತು ರಾತ್ರಿ ಒಬ್ಬನದು. ಹಗಲು ಕೆಳಗಿನವನು, ನಡುವಿನವನು, ಮೇಲಿನವನು ಮೂವರದೂ. ಹಾಗಾದರೆ ರಾತ್ರಿ ಶುರುವಾಗೋದು ಎಷ್ಟು ಗಂಟೆಗೆ? 9ರಿಂದ ಬೆಳಗ್ಗೆ 6ರವರೆಗೆ ಮಲಗುವ ಹೊತ್ತು ಅಂತ ಇತ್ತು. 2017ರ ಆಗಸ್ಟ್ ಕೊನೆಯಲ್ಲಿ ಅದನ್ನು 10ರಿಂದ 6 ಅಂತ ಮಾಡಿದರು. ಕಾಯಿಲೆಯವರು, ಅಂಗವಿಕಲರು, ಬಸುರಿಯರು ಬೇಗ ಮಲಗಬೇಕು ಅಂದರೆ ಉಳಿದವರು ಸಹಕರಿಸಿ ಅಂತಲೂ ಅದರಲ್ಲಿ ಸೇರಿಸಿದರು. ಇಡೀ ದೇಶಕ್ಕೆ ಎಷ್ಟು ಹೊತ್ತಿಗೆ ನಿದ್ದೆ ಅಂತ ಸುತ್ತೋಲೆ ಹೊರಡಿಸಬೇಕಾದರೆ ನಡುವಿನ ಬರ್ತಿನ ಜಗಳ ಎಷ್ಟು ಬೆಳೆದಿರಬೇಕು ನೋಡಿ. ಒಬ್ಬ ಊಟ ಮುಗಿಸಿ 8ಕ್ಕೇ ನಡುವಿನ ಹಲಗೆ ಎತ್ತಿ ಕೊಂಡಿ ಹಾಕ್ತಾನೆ, ಕೆಳಗಿನವನು ಕುತ್ತಿಗೆ ಬಗ್ಗಿಸಿ ಆಮೆ ತರಹ ಕೂರ್ತಾನೆ. ಇನ್ನೊಬ್ಬ ಬೆಳಗ್ಗೆ 9 ಆದರೂ ಇಳಿಸೋದಿಲ್ಲ.

ಇನ್ನು ಆರ್‌ಎಸಿ. ಇದನ್ನು ಕಂಡುಹಿಡಿದವರು ಮನುಷ್ಯ ಸ್ವಭಾವವನ್ನು ಚೆನ್ನಾಗಿ ಬಲ್ಲವರೋ, ಏನೂ ಬಲ್ಲದವರೋ! ಪಕ್ಕದ ಕೆಳಗಿನ ಬರ್ತು, ಇಬ್ಬರು ಅಪರಿಚಿತರು, ಒಂದೇ ಹಲಗೆ. ರಾತ್ರಿ 12ರವರೆಗೆ ಇಬ್ಬರೂ ಮೊಣಕಾಲು ಮಡಚಿ ಕೂತು ಟಿಸಿ ಬರುವ ದಾರಿ ಕಾಯ್ತಾರೆ. ಆಮೇಲೆ ಒಬ್ಬ ಬಾಯಿಬಿಡ್ತಾನೆ: "ನೀವು ಆ ಕಡೆ ತಲೆ ಹಾಕಿ, ನಾನು ಈ ಕಡೆ ಹಾಕ್ತೀನಿ." ಬೆಳಗ್ಗೆ ಕಾಫಿ ಹೊತ್ತಿಗೆ ಇಬ್ಬರೂ ಒಬ್ಬರಿಗೊಬ್ಬರು ಮಗಳ ಮದುವೆ ಮಾತಾಡುವಷ್ಟು ಹತ್ತಿರ ಆಗಿರ್ತಾರೆ. ನಾನು ಕಂಡ ಮಟ್ಟಿಗೆ ಆರ್‌ಎಸಿಯಲ್ಲಿ ಜಗಳ ಕಡಿಮೆ. ಸೀಟು ಅರ್ಧವೇ ತನ್ನದು ಅಂತ ಇಬ್ಬರಿಗೂ ಮೊದಲೇ ಗೊತ್ತಿರುತ್ತೆ.

ಈಗ ನಮ್ಮ ಕಸುಬಿನವರ ಪಾತ್ರ. 1985ಕ್ಕೆ ಮುಂಚೆ ರಿಸರ್ವೇಷನ್ ಅಂದರೆ ದಪ್ಪ ರಿಜಿಸ್ಟರು. ಗಾಡಿಗೊಂದು, ತಾರೀಕಿಗೊಂದು ಪುಟ. ಆ ಪುಟ ಯಾವ ಗುಮಾಸ್ತರ ಮುಂದಿದೆಯೋ ಆ ಸಾಲಿನಲ್ಲೇ ನಿಲ್ಲಬೇಕು. ತಪ್ಪು ಸಾಲಿನಲ್ಲಿ ನಿಂತರೆ ಅರ್ಧ ದಿನ ಹೋಯ್ತು. ವಾಪಸ್ ಟಿಕೆಟ್ ಬೇಕು ಅಂದರೆ ಆ ಊರಿಗೆ ತಂತಿ ಹೋಗಬೇಕು. 1985ರಲ್ಲಿ ದೆಹಲಿಯಲ್ಲಿ ಕಂಪ್ಯೂಟರ್ ಬುಕಿಂಗ್ ಶುರುವಾಯ್ತು, ಅದರ ಸಾಫ್ಟ್‌ವೇರ್ ಬರೆದದ್ದು ಸರ್ಕಾರಿ ಕಂಪನಿ ಸಿಎಂಸಿ. ಮುಂದೆ ಅದು ಟಿಸಿಎಸ್ ಒಳಗೆ ಸೇರಿಹೋಯ್ತು. ನಿಮ್ಮ ಪಕ್ಕದ ಕ್ಯೂಬಿಕಲ್ಲಿನ ಹಿರಿಯರೊಬ್ಬರು ಅಲ್ಲಿಂದ ಬಂದವರಿರಬಹುದು, ಕೇಳಿ ನೋಡಿ. 1986ರಲ್ಲಿ ರೈಲ್ವೆಯದೇ ಆದ ಕ್ರಿಸ್ ಸಂಸ್ಥೆ ಹುಟ್ಟಿತು. ಅದು ಬರೆದ 'ಕನ್ಸರ್ಟ್' ವ್ಯವಸ್ಥೆ ದೆಹಲಿ, ಮುಂಬೈ, ಕೋಲ್ಕತಾ, ಚೆನ್ನೈ, ಸಿಕಂದರಾಬಾದ್ ಐದೂ ಕೇಂದ್ರಗಳನ್ನು 1999ರ ಏಪ್ರಿಲ್ ಹೊತ್ತಿಗೆ ಒಂದು ಮಾಡಿತು. 2002ರ ಆಗಸ್ಟಿನಲ್ಲಿ ಐಆರ್‌ಸಿಟಿಸಿ ಬಂತು, ಮೊದಮೊದಲು ನೆಟ್ಟಿನಲ್ಲಿ ಬುಕ್ ಮಾಡಿದ ಟಿಕೆಟ್ಟು ಕೊರಿಯರಿನಲ್ಲಿ ಮನೆಗೆ ಬರುತ್ತಿತ್ತು. ಒಂದು ಬರ್ತನ್ನು ಇಬ್ಬರಿಗೆ ಕೊಡಬಾರದು ಅನ್ನೋ ಲೆಕ್ಕವನ್ನು ನಮ್ಮವರು ಬಿಡಿಸಿದರು, ಚೆನ್ನಾಗಿಯೇ ಬಿಡಿಸಿದರು.

ಆದರೆ ಕಂಪ್ಯೂಟರಿಗೆ ಗೊತ್ತಿರೋದು ರಿಸರ್ವೇಷನ್ ಡಬ್ಬಿ ಮಾತ್ರ. ಅದರ ಮುಂದೆ ಹಿಂದೆ ತಗುಲಿಸಿರುವ ಜನರಲ್ ಡಬ್ಬಿಗೆ 90 ಅಂತ ಬರೆದಿದ್ದರೂ ಎಷ್ಟು ಟಿಕೆಟ್ ಹೋಯ್ತು ಅಂತ ಕೇಳುವವರಿಲ್ಲ. 1989ರ ಹೊಸ ರೈಲ್ವೆ ಕಾಯ್ದೆಯ 57ನೇ ಸೆಕ್ಷನ್ ಹಳೇ 63ನೇದರ ಹಾಗೆಯೇ ಡಬ್ಬಿಗೆ ಇಷ್ಟೇ ಜನ ಅಂತ ಗೊತ್ತುಮಾಡಿ ಬರೆದು ಹಾಕಬೇಕು ಅನ್ನುತ್ತೆ. 2025ರ ಫೆಬ್ರವರಿ 15ರ ರಾತ್ರಿ ನ್ಯೂಡೆಲ್ಲಿ ಸ್ಟೇಷನ್ನಿನಲ್ಲಿ, ಕುಂಭಮೇಳದ ದಿನಗಳಲ್ಲಿ, ಕಾಲ್ತುಳಿತಕ್ಕೆ ಸಿಕ್ಕಿ 18 ಜನ ಸತ್ತರು. ಆಮೇಲೆ ದೆಹಲಿ ಹೈಕೋರ್ಟು ರೈಲ್ವೆಯನ್ನು ಕೇಳಿದ್ದು ಇದೇ ಸೆಕ್ಷನ್ ಹಿಡಿದು: ಸೀಟಿಗಿಂತ ಹೆಚ್ಚು ಟಿಕೆಟ್ ಯಾಕೆ ಮಾರುತ್ತೀರಿ?

109ನೇ ಸೆಕ್ಷನ್ ಏನಾಯ್ತು? 1989ರ ಕಾಯ್ದೆಯಲ್ಲಿ ಅದು 155 ಆಯ್ತು. ಎರಡು ಅರ್ಧಗಳೂ ಹಾಗೇ ಇವೆ. ಆದರೆ ದಂಡ ಒಂದೇ ಉಳಿಯಲಿಲ್ಲ. ಬೇರೆಯವರ ಬರ್ತಿನಿಂದ ಏಳದಿದ್ದರೆ 500 ರೂಪಾಯಿವರೆಗೆ, ಎಬ್ಬಿಸಿ ಕಳಿಸಬಹುದು ಕೂಡ. ಕಾದಿರಿಸದ ಡಬ್ಬಿಗೆ ಹತ್ತುವವನನ್ನು ತಡೆದರೆ 200ರವರೆಗೆ. ಮುಂಬೈಯವರಿಗೆ ಈ ಎರಡನೇ ಅರ್ಧ ದಿನಾ ಕಾಣುತ್ತೆ. ವಿರಾರ್ ಫಾಸ್ಟ್‌ಗೆ ಬೋರಿವಲಿಗೆ ಹೋಗುವವನು ಹತ್ತಿದರೆ ಬಾಗಿಲಲ್ಲಿ ನಿಂತ ಗುಂಪು ಒಳಗೂ ಬಿಡೋದಿಲ್ಲ, ಬೋರಿವಲಿ ಬಂದಾಗ ಇಳಿಯೋಕೂ ಬಿಡೋದಿಲ್ಲ. ಅದೇ ಲೋಕಲ್ಲಿನಲ್ಲಿ ಮೂವರ ಬೆಂಚಿಗೆ ನಾಲ್ಕನೆಯವನು ಬಂದರೆ ಮಾತಿಲ್ಲದೆ ಎಲ್ಲರೂ ಒಂದಿಷ್ಟು ಸರಿಯುತ್ತಾರೆ, 'ಫೋರ್ತ್ ಸೀಟ್' ಅನ್ನೋದು ಅಲ್ಲಿ ಹಕ್ಕು. ಒಂದೇ ಜನ, ಒಂದೇ ಗಾಡಿ! ನನಗೆ ಇದು ಇನ್ನೂ ಪೂರ್ತಿ ಬಗೆಹರಿದಿಲ್ಲ.

ಸರಿ, ನನ್ನ ಕತೆ.

2015ರ ದೀಪಾವಳಿ ಹಿಂದಿನ ವಾರ. ಪುಣೆಯಿಂದ ಮಧ್ಯಾಹ್ನ ಹೊರಟು ಸಂಜೆ ಕಲಬುರಗಿ, ರಾತ್ರಿ ರಾಯಚೂರು ದಾಟಿ ಬೆಂಗಳೂರಿಗೆ ಹೋಗುವ ಗಾಡಿ. ನನ್ನದು ಸ್ಲೀಪರಿನಲ್ಲಿ ಕೆಳಗಿನ ಬರ್ತು, ಎರಡು ತಿಂಗಳು ಮೊದಲೇ ಬುಕ್ ಮಾಡಿದ್ದೆ. ಹಿಂದಿನ ರಾತ್ರಿ ರಿಲೀಸ್ ಇತ್ತು, ನಿದ್ದೆ ಇರಲಿಲ್ಲ. ನಡುವಿನ ಬರ್ತಿನವರು ಸೋಲಾಪುರದಲ್ಲಿ ಹತ್ತುವವರು, ಮೇಲಿನವನು ಮೇಲೇ ಮಲಗಿದ್ದ. ನಾನು ಡಬ್ಬಿ ಕಟ್ಟಿಕೊಂಡು ಬಂದಿದ್ದ ಚಪಾತಿ ತಿಂದು ಕಾಲು ಚಾಚಿದೆ.

ಗಾಡಿ ಹೊರಟು ಹತ್ತು ನಿಮಿಷಕ್ಕೆ ಒಬ್ಬ ಗಂಡಸು, ಹೆಂಡತಿ, ಏಳೆಂಟು ವರ್ಷದ ಹುಡುಗಿ, ಎರಡು ಗೋಣಿಚೀಲ, ಒಂದು ಪ್ಲಾಸ್ಟಿಕ್ ಬಕೆಟ್ಟು. ಬಕೆಟ್ಟಿನಲ್ಲಿ ಕರಣೆ, ತೂಗುಗುಂಡು. ಗಾರೆ ಕೆಲಸದವರು. ಗಂಡಸು ನನ್ನ ಕಾಲ ಕಡೆ ನೋಡಿ ಹಿಂದಿಯಲ್ಲಿ, ಹುಡುಗಿಗೆ ಒಂಚೂರು ಜಾಗ ಕೊಡಿ ಅಂದ. ನಾನೂ ಹಿಂದಿಯಲ್ಲೇ, ಇದು ರಿಸರ್ವೇಷನ್ ಡಬ್ಬಿ, ಜನರಲ್ ಮುಂದಿದೆ ಅಂದೆ. ಅವನು ಹೆಂಡತಿಯ ಕಡೆ ತಿರುಗಿ, "ಇವ್ರೂ ಬ್ಯಾಡ ಅಂತಾರ. ಇಲ್ಲೇ ನಿಂದ್ರು" ಅಂದ.

ಕನ್ನಡ. ನನಗೆ ಕಿವಿ ಬಿಸಿಯಾಯ್ತು. ಆಗಲಾದರೂ ಎದ್ದು ಕೂರಬಹುದಿತ್ತು. ಬದಲಿಗೆ ನಾನು ಕನ್ನಡದಲ್ಲಿ ವಾದ ಶುರು ಮಾಡಿದೆ. "ಜನರಲ್‌ನಲ್ಲಿ ಹತ್ತಬೇಕಿತ್ತಲ್ಲ?" ಅವನು ಜೇಬಿನಿಂದ ಮೂರೂ ಜನರ ಟಿಕೆಟ್ ತೆಗೆದು ತೋರಿಸಿದ, ಯಾದಗಿರಿಗೆ. "ಹತ್ತಾಕ ಹೋಗಿದ್ವಿರಿ ಸಾಹೇಬ್ರ. ಒಳಗಿನಿಂದ ಬಾಗ್ಲಾ ಹಾಕ್ಯಾರ. ಎಷ್ಟ ಬಡದ್ರೂ ತಗೀಲಿಲ್ಲ. ಗಾಡಿ ಬಿಡ್ತು, ಇದ್ರಾಗ ಹತ್ತಿದ್ವಿ."

ದೌಂಡ್ ದಾಟಿದ ಮೇಲೆ ಟಿಸಿ ಬಂದರು. ಅವರು ಅಷ್ಟಾಗಿ ಗಮನ ಕೊಡದೆ ಮುಂದೆ ಹೋಗ್ತಿದ್ದರು. ನಾನೇ ಕರೆದು, "ಸರ್, ಓಡಾಡೋಕೆ ಜಾಗ ಇಲ್ಲ, ಸ್ವಲ್ಪ ನೋಡಿ" ಅಂದೆ. ಅವರು ಟಿಕೆಟ್ ನೋಡಿದರು, ಬೈಯಲಿಲ್ಲ, ದಂಡವನ್ನೂ ಹಾಕಲಿಲ್ಲ. ಮುಂದಿನ ಸ್ಟಾಪಿನಲ್ಲಿ ಇಳಿದು ಜನರಲ್‌ಗೆ ಹೋಗಿ ಅಂದರು. ಕುರ್ಡುವಾಡಿ ಬಂತು. ಎರಡು ಮೂರು ನಿಮಿಷದ ನಿಲುಗಡೆ. ಗಂಡಸು ಗೋಣಿಚೀಲ ಹೊತ್ತ, ಹೆಂಡತಿ ಬಕೆಟ್ ಹಿಡಿದಳು, ಹುಡುಗಿ ನನ್ನ ಬರ್ತಿನ ಕೆಳಗೆ ಬಿಟ್ಟಿದ್ದ ಚಪ್ಪಲಿ ಎಳೆದುಕೊಂಡು ಓಡಿತು.

ಈಗ ನನಗೆ ಗೊತ್ತಿರುವ ಸೆಕ್ಷನ್ನುಗಳನ್ನು ಹಿಡಿದು ಲೆಕ್ಕ ಹಾಕಿದರೆ ಹೀಗಾಗುತ್ತೆ. ಜನರಲ್ ಡಬ್ಬಿಯ ಬಾಗಿಲು ಹಾಕಿಕೊಂಡವರ ಮೇಲೆ ಯಾರೂ ಯಾವ ಸೆಕ್ಷನ್ನೂ ಓದಲಿಲ್ಲ. ಒಳಗೆ 90 ಜನ ಇದ್ದರೋ 200 ಇದ್ದರೋ ಎಣಿಸಿದವರಿಲ್ಲ. ಆ ಮೂರು ಟಿಕೆಟ್ ಮಾರಿದ ಕೌಂಟರಿಗೂ ಏನೂ ಆಗಲಿಲ್ಲ. 155ರ ಮೊದಲನೇ ಅರ್ಧ ಮಾತ್ರ, ನಾನು ಕರೆದದ್ದಕ್ಕೆ, ತಕ್ಷಣ ಜಾರಿಗೆ ಬಂತು. ಇನ್ನು ನನ್ನ ಕಡೆ? ಮಧ್ಯಾಹ್ನ ಎರಡು ಗಂಟೆಗೆ ಕೆಳಗಿನ ಬರ್ತಿನ ಮೇಲೆ ಉದ್ದಕ್ಕೆ ಮಲಗುವ ಹಕ್ಕು ನನಗೂ ಇರಲಿಲ್ಲ. ಟಿಕೆಟ್ಟಿನ ಪ್ರಕಾರ ನನ್ನದು ಆ ಹೊತ್ತಿನಲ್ಲಿ ಬೆಂಚಿನ ಮೂರರಲ್ಲಿ ಒಂದು ಪಾಲು. ಇನ್ನೊಂದು ಪಾಲಿನವರು ಸೋಲಾಪುರದಲ್ಲಿದ್ದರು, ಮತ್ತೊಂದರವನು ಮೇಲೆ ಗೊರಕೆ ಹೊಡೀತಿದ್ದ. ಹುಡುಗಿಗೆ ಬೇಕಿದ್ದದ್ದು ಒಂದು ಮೊಳ.

ಅವರು ಮುಂದಿನ ಡಬ್ಬಿಗೆ ಹತ್ತಿದರೋ ಇಲ್ಲವೋ ನಾನು ಕಿಟಕಿಯಲ್ಲಿ ನೋಡಲಿಲ್ಲ. ಕಾಲು ಚಾಚಿ ಮಲಗಿದೆ. ನಿದ್ದೆ ಬಂತು ಕೂಡ, ಸುಳ್ಳು ಯಾಕೆ ಹೇಳಲಿ. ಸೋಲಾಪುರದಲ್ಲಿ ನಡುವಿನ ಬರ್ತಿನವರು ಬಂದು "ಸ್ವಲ್ಪ ಸರೀತೀರಾ" ಅಂತ ಎಬ್ಬಿಸಿದರು. ಎದ್ದು ಕೂತೆ.

ಕತ್ತಲಾದ ಮೇಲೆ ಯಾದಗಿರಿ ಬಂತು. ಟೀ ತರ್ತೀನಿ ಅಂತ ಪಕ್ಕದವರಿಗೆ ಹೇಳಿ ಇಳಿದೆ. ಟೀಯವನು ನನ್ನ ಡಬ್ಬಿಯ ಎದುರಿಗೇ ಇದ್ದ, ಆದರೂ ಇಂಜಿನ್ ಕಡೆ ನಾಲ್ಕು ಡಬ್ಬಿಯಷ್ಟು ನಡೆದೆ. ಜನರಲ್ ಡಬ್ಬಿಯಿಂದ ಜನ ಬಾಗಿಲಲ್ಲೂ ಕಿಟಕಿಯಲ್ಲೂ ಇಳಿಯುತ್ತಿದ್ದರು. ಚೀಲಗಳು ಮೊದಲು, ಮಕ್ಕಳು ಆಮೇಲೆ. ಲೈಟು ಕಡಿಮೆ ಇತ್ತು. ಪ್ಲಾಸ್ಟಿಕ್ ಬಕೆಟ್ಟುಗಳು ಮೂರ್ನಾಲ್ಕು ಕಂಡವು. ಇಂಜಿನ್ ಕೂಗಿತು, ಓಡಿ ಬಂದು ಹತ್ತಿದೆ.